ಸಾಲಿನ ಕೊನೆಯ ಸೈಕಲ್

ಧಡ್!

ಕಾರಿನ ಬಾಗಿಲು ತೆರೆದ ಮರುಕ್ಷಣವೇ ಆ ಸದ್ದು. ರೂಪಾಲಿ ಹಿಡಿದಿದ್ದ ಬಾಗಿಲು ಕೈಯಿಂದ ಕಿತ್ತುಹೋದಂತೆ ಜಗ್ಗಿತು. ಏನಾಯಿತೆಂದು ನೋಡುವಷ್ಟರಲ್ಲಿ ಒಂದು ಸೈಕಲ್ ರಸ್ತೆಗೆ ಅಡ್ಡಬಿದ್ದಿತ್ತು. ಸೈಕಲ್ ಮೇಲಿದ್ದವನು ಇನ್ನೂ ಮುಂದೆ, ನಡುರಸ್ತೆಯಲ್ಲಿ ಬೋರಲಾಗಿ ಬಿದ್ದಿದ್ದ.

ಕಾರವಾರದ ರವಿವಾರದ ಸಂತೆ. ಕಾಲಿಡಲು ಜಾಗವಿಲ್ಲದಷ್ಟು ಜನ. ಹಿಂದಿನಿಂದ ಬರುತ್ತಿದ್ದ ಟೆಂಪೊ ಕಿರ್ರೆಂದು ಬ್ರೇಕ್ ಹಾಕಿ, ಅವನ ತಲೆಯಿಂದ ಗೇಣು ದೂರದಲ್ಲಿ ನಿಂತಿತು.

ಅಯ್ಯೋ ದೇವರೇ... ಹಿಂದೆ ನೋಡದೆ ಬಾಗಿಲು ತೆರೆದೆನಲ್ಲ!

ತಪ್ಪು ತನ್ನದೇ ಎಂದು ರೂಪಾಲಿಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೆ ಅಣ್ಣ ನಿತೇಶ ಹೊಸದಾಗಿ ಕೊಂಡ ಕಾರಿನ ಬಾಗಿಲು ಜಜ್ಜಿಹೋಗಿತ್ತು. ಸುತ್ತ ಜನ ಸೇರುತ್ತಿದ್ದರು. ಬಾಯಿಗೆ ಬಂದದ್ದು ಕ್ಷಮೆಯಲ್ಲ, ಕಿರುಚಾಟ.

"ಕಣ್ಣು ಕಾಣುದಿಲ್ವಾ ನಿಂಗೆ? ಸೀದಾ ಮೈಮೇಲೇ ಬಂದ್ಯಲ್ಲ!"

ಆ ಮಾತು ಗುಂಪಿಗೆ ಬೇರೆಯೇ ರೀತಿಯಲ್ಲಿ ಕೇಳಿಸಿತು.

"ಎಂತ? ಮೈಮೇಲೆ ಬಂದ್ನಂತಾ?"

"ಹುಡ್ಗಿ ಮೈಮೇಲೆ ಬಿದ್ದನಂತೆ ನೋಡು!"

"ಸಂತೆ ಗರ್ದಿ ಸಿಕ್ಕಿದ್ರೆ ಇವ್ರಿಗೆ ಇದೇ ಕೆಲ್ಸ!"

ಅವನು ಮೆಲ್ಲನೆ ಎದ್ದು ನಿಂತ. ಎತ್ತರದ ಆಳು, ಎಣ್ಣೆಗಪ್ಪು ಬಣ್ಣ. ಅಂಗೈ ಕಿತ್ತು ರಕ್ತ ತೊಟ್ಟಿಕ್ಕುತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಅಂಗಡಿಯಿಂದ ಓಡಿಬಂದ ನಿತೇಶ ಅವನ ಅಂಗಿ ಹಿಡಿದ.

"ನನ್ನ ತಂಗಿ ಮೈಮುಟ್ತೀಯಾ?"

ಛಟೀರ್!

ಅವನು ಕೈ ಎತ್ತಲಿಲ್ಲ, ಬೈಯಲಿಲ್ಲ. ನಿತೇಶನ ಭುಜದ ಮೇಲಿಂದ ನೇರ ರೂಪಾಲಿಯ ಕಣ್ಣನ್ನೇ ನೋಡಿದ.

"ನೀವೇ ಹೇಳಿ. ನಾ ಎಂತ ಮಾಡ್ದೆ?"

ಹೇಳು... ಬಾಗಿಲು ತೆರೆದದ್ದು ನಾನು ಅಂತ ಹೇಳು... ಒಳಗಿನಿಂದ ಯಾರೋ ಕೂಗುತ್ತಿದ್ದರು. ರೂಪಾಲಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ಆ ತಲೆಯನ್ನೇ ಜನ ಸಾಕ್ಷಿ ಎಂದುಕೊಂಡರು.

"ಏ, ಇವ್ನು ಅಂಕೋಲೆ ಕಡೆ ಹೈಸ್ಕೂಲಿನ ಮಾಸ್ತರ್ ಅಲ್ವಾ? ಬೈತಖೋಲದ ಗಂಗೂ ಮಗ!" ಗುಂಪಿನಲ್ಲಿ ಯಾರೋ ಗುರುತು ಹಿಡಿದರು. "ಮಾಸ್ತರ್ ಆಗಿ ಇಂಥ ಕೆಲ್ಸ!"

ಅವನು ಸೊಟ್ಟಗಾದ ಸೈಕಲ್ಲಿನ ಹ್ಯಾಂಡಲ್ಲನ್ನು ಕಾಲ ನಡುವೆ ಒತ್ತಿ ನೆಟ್ಟಗೆ ಮಾಡಿಕೊಂಡ. ಆಮೇಲೆ ಅದನ್ನು ನೂಕಿಕೊಂಡು ಜನರ ನಡುವೆ ಹೊರಟುಹೋದ. ಹಿಂದಿರುಗಿ ನೋಡಲಿಲ್ಲ.

ಹಬ್ಬುವಾಡದ ಮನೆ ತಲುಪುವವರೆಗೂ ನಿತೇಶ ಬಯ್ಯುತ್ತಲೇ ಇದ್ದ. "ಇದ್ನ ಯಾರ ಹತ್ರಾನೂ ಹೇಳ್ಬೇಡ. ಅಕ್ಕ ಜಯಂತಿಗೂ ಬೇಡ. ಮನೆ ಹೆಣ್ಣಿನ ಹೆಸ್ರು ಬೀದಿಗೆ ಬರೂದು ಬೇಡ."

ರೂಪಾಲಿ ಹೂಂಗುಟ್ಟಿದಳು. ಹಾಗೆ ಹೂಂಗುಟ್ಟಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

*

ದಿನಗಳು ಉರುಳಿದವು. ರೂಪಾಲಿ ಎಂದಿನಂತೆ ಕಾರವಾರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದಳು. ಸೈಕಲ್ಲಿನ ಗಂಟೆ ಕೇಳಿದರೆ ಮಾತ್ರ ಬೆಚ್ಚಿಬೀಳುತ್ತಿದ್ದಳು.

ಅದೊಂದು ಶನಿವಾರ ಅಕ್ಕ ಜಯಂತಿಯ ಮನೆಗೆ ಹೋದಳು. ಬೇಲೇಕೇರಿ ತಿರುವಿಗೆ ಹತ್ತಿರದ ಊರು. ಅದಿರಿನ ಲಾರಿಗಳು ಹಗಲಿಡೀ ಬಂದರಿಗೆ ಓಡಾಡಿ ಆ ಹೆದ್ದಾರಿಯ ಮರ, ಮನೆ, ತಂತಿಯ ಮೇಲೆ ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದವು. ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಕೆಲಸಕ್ಕೆ ಹೋಗುವುದೆಂದು ಅವಳ ಲೆಕ್ಕ.

ಅಕ್ಕನ ಮಗಳು ನಾಗಶ್ರೀ ಎಂಟನೇ ತರಗತಿ. ಸರ್ಕಾರ ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದ ಹೊಸತು. ಅಂಗಳದಲ್ಲಿ ನಿಂತ ಸೈಕಲ್ಲನ್ನು ಒರೆಸುತ್ತಾ ಹುಡುಗಿ ಗೊಣಗಿದಳು.

"ಮೊದ್ಲು ತುಳಸಿ ಸರ್ ಇದ್ದಾಗ ಚೊಲೋ ಇತ್ತು ಚಿಕ್ಕಿ. ಅವ್ರು ಸೈಕಲ್ ಮೇಲೆ ಮುಂದೆ, ನಾವೆಲ್ಲ ಸಾಲಾಗಿ ಹಿಂದೆ. ಲಾರಿ ಬಂದ್ರೆ ಅವ್ರು ಕೈ ಅಡ್ಡ ಹಿಡೀತಿದ್ರು. ಈಗ ಅವ್ರು ಬರುದಿಲ್ಲ..."

"ಸುಮ್ನಿರು ನೀನು!" ಒಳಗಿನಿಂದ ಜಯಂತಿ ಗದರಿದಳು. ಹೊರಗೆ ಬಂದು ತಂಗಿಯ ಕಿವಿಗೆ ದನಿ ತಗ್ಗಿಸಿದಳು. "ಆ ತುಳಸಿದಾಸ ಮಾಸ್ತರ್ ಕಥೆ ಕೇಳ್ಲಿಲ್ವಾ? ನಿಮ್ಮ ಕಾರವಾರದ ಸಂತೇಲೇ ಆದದ್ದು ಮಾರಾಯ್ತಿ. ಯಾವ್ದೋ ಹುಡ್ಗಿ ಮೈಮೇಲೆ ಕೈ ಹಾಕಿದ್ನಂತೆ. ಅವಳ ಅಣ್ಣ ಸಮಾ ಬಾರಿಸಿದ್ನಂತೆ. ಅಂಥವನ ಸಂಗ್ತಿ ಹೆಣ್ಮಕ್ಕಳನ್ನ ಕಳ್ಸುದಾ? ನಾವೆಲ್ಲ ಹೋಗಿ ಹೆಡ್ ಮಾಸ್ತರಿಗೆ ಹೇಳಿ ನಿಲ್ಸಿದ್ವಿ."

ರೂಪಾಲಿ ಸೈಕಲ್ಲಿನ ಸೀಟು ಹಿಡಿದುಕೊಂಡಳು.

ಕೈ ಹಾಕಿದನಂತೆ...! ನಾನು ಹಾಗೆ ಹೇಳಲೇ ಇಲ್ಲವಲ್ಲ! ಹೌದು, ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

"ಎಂತಾಯ್ತೇ? ಮುಖ ಯಾಕೆ ಬಿಳಚಿಕೊಂಡದೆ?"

"ಎಂತ ಇಲ್ಲ ಅಕ್ಕ... ಬಿಸಿಲು."

ಎರಡನೇ ಸಲವೂ ಅವಳು ಬಾಯಿ ಬಿಡಲಿಲ್ಲ. ಮೊದಲ ಸಲ ಭಯ ಎನ್ನಬಹುದಿತ್ತು. ಈ ಸಲ ಏನೆನ್ನುವುದು?

*

ಸೋಮವಾರ ಬೆಳಿಗ್ಗೆ ರೂಪಾಲಿ ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ನಾಗಶ್ರೀ "ಟಾಟಾ ಚಿಕ್ಕಿ!" ಎಂದು ಕೂಗಿ, ಗಂಟೆ ಬಾರಿಸಿ, ಸೈಕಲ್ ತುಳಿಯುತ್ತಾ ಮುಂದೆ ಹೋದಳು. ಪುಟ್ಟ ಬೆನ್ನಿಗೆ ದೊಡ್ಡ ಪಾಟೀಚೀಲ.

ಹಿಂದಿನಿಂದ ಒಂದು ಅದಿರಿನ ಲಾರಿ. ಎದುರಿನಿಂದ ಇನ್ನೊಂದು. ಎರಡಕ್ಕೂ ಜಾಗ ಬೇಕಿತ್ತು. ಸೈಕಲ್ಲಿಗೆ ಮಾತ್ರ ಜಾಗ ಯಾರೂ ಇಟ್ಟಿರಲಿಲ್ಲ.

ಪೋಂಂಂ...! ಬೆನ್ನಿಗೇ ಬಂದು ಬಡಿದಂಥ ಹಾರ್ನ್. ಬೆದರಿದ ಹುಡುಗಿ ಡಾಂಬರಿನ ಅಂಚಿನಿಂದ ಕೆಳಗಿಳಿದಳು. ಅಂಚು ಮೊಣಕಾಲೆತ್ತರ ಕೊರೆದುಹೋಗಿತ್ತು. ಚಕ್ರ ಮುಗ್ಗರಿಸಿತು. ಸೈಕಲ್ ಸಮೇತ ಗಟಾರಕ್ಕೆ!

ಲಾರಿ ನಿಲ್ಲಲೇ ಇಲ್ಲ.

"ನಾಗೂ!" ರೂಪಾಲಿ ಚಪ್ಪಲಿ ಬಿಟ್ಟು ಓಡಿದಳು.

ಅವಳಿಗಿಂತ ಮೊದಲು ಒಂದು ಸೈಕಲ್ ಅವಳನ್ನು ದಾಟಿ ಹೋಯಿತು. ಅದರ ಮೇಲಿದ್ದವನು ಸೈಕಲ್ಲನ್ನು ಹಾಗೆಯೇ ನೆಲಕ್ಕೆ ಬಿಟ್ಟು ಗಟಾರಕ್ಕೆ ಹಾರಿದ.

ತುಳಸಿದಾಸ!

ಮಕ್ಕಳ ಜೊತೆ ಹೋಗಬೇಡ ಎಂದಿದ್ದರು. ಹಾಗಾಗಿ ಅವನು ಅವರ ಜೊತೆ ಹೋಗುತ್ತಿರಲಿಲ್ಲ. ವಾರದ ದಿನ ಈ ಊರಲ್ಲೇ ಕೋಣೆ ಹಿಡಿದು ಇರುತ್ತಿದ್ದ ಅವನು ದಿನಾ ಬೆಳಿಗ್ಗೆ ಬಹಳ ಹಿಂದೆ, ಯಾರಿಗೂ ಸಂಬಂಧವಿಲ್ಲದವನಂತೆ ಒಬ್ಬನೇ ಬರುತ್ತಿದ್ದ.

ಹುಡುಗಿ ಕೈ ಹಿಡಿದುಕೊಂಡು ನರಳುತ್ತಿದ್ದಳು. ತುಳಸಿದಾಸ ಬಗ್ಗಿ ಎರಡೂ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು... ನಿಧಾನವಾಗಿ ಹಿಂದೆ ಬಂತು. ಅವನು ಮೇಲೆ ನೋಡಿ ಕೂಗಿದ.

"ಯಾರಾದ್ರೂ ಹೆಂಗಸ್ರು ಬನ್ನಿ! ಬೇಗ ಬನ್ನಿ! ಮಗೀನ ಎತ್ತಬೇಕು!"

ಗಟಾರದ ಅಂಚಿನಲ್ಲಿ ನಿಂತ ರೂಪಾಲಿಗೆ ಅರ್ಥವಾಯಿತು. ರಕ್ತ ಸುರಿಯುವ ಮಗುವನ್ನು ಮುಟ್ಟಲೂ ಈ ಮನುಷ್ಯ ಹೆದರುತ್ತಿದ್ದಾನೆ. ಆ ಹೆದರಿಕೆಯನ್ನು ಅವನಿಗೆ ಕೊಟ್ಟವಳು ನಾನು.

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು.

"ಎತ್ತಿ ಸರ್... ಎತ್ತಿ!" ಅವಳು ಕೆಸರಿಗೆ ಇಳಿದಳು.

ಅವನು ಅವಳನ್ನು ನೋಡಿದ. ಗುರುತು ಸಿಕ್ಕಿತು. ಕಣ್ಣು ಸಣ್ಣದಾಯಿತು.

"ನಾ ಎತ್ತುದಾ? ಆಮೇಲೆ ಎಲ್ಲರೂ ಕೇಳ್ತಾರೆ. ಆಗ ನೀವು ತಲೆ ತಗ್ಗಿಸೂದಿಲ್ಲ ಅಲ್ಲಾ?"

"ಇಲ್ಲ." ಅವಳು ಅಳುತ್ತಿದ್ದಳು. "ನಾಗೂ ಮೇಲಾಣೆ, ತಗ್ಗಿಸೂದಿಲ್ಲ."

ಅವನು ಹುಡುಗಿಯನ್ನು ಹೂವಿನಂತೆ ಎತ್ತಿಕೊಂಡ.

*

ಅಂಕೋಲೆಯ ಆಸ್ಪತ್ರೆಯಲ್ಲಿ ನಾಗಶ್ರೀಯ ಮುರಿದ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದಾಗ ಜಯಂತಿ ಎದೆ ಬಡಿದುಕೊಳ್ಳುತ್ತಾ ಬಂದಳು. ಬಾಗಿಲಲ್ಲಿ ನಿಂತ ತುಳಸಿದಾಸನನ್ನು ಕಂಡದ್ದೇ ಕೆರಳಿದಳು.

"ಇವ್ನ್ಯಾಕೆ ಇಲ್ಲಿ? ನನ್ನ ಮಗಳ ಹತ್ರ ಬರಬೇಡ ಅಂದಿದ್ದೆ ಅಲ್ವಾ!"

ಅವನು ಹೊರಗೆ ಹೊರಟ. ಅಂಗಿಯೆಲ್ಲ ಕೆಸರು, ರಕ್ತ.

"ಸರ್, ನಿಲ್ಲಿ." ರೂಪಾಲಿ ಅಡ್ಡ ಬಂದಳು. "ಅಕ್ಕ, ಸಂತೇಲಿ ಇದ್ದ ಆ ಹುಡ್ಗಿ ನಾನು."

"ಎಂತ?"

"ಹೊಡೆದದ್ದು ನಮ್ಮ ನಿತೇಶ ದಾದಾ. ಇವ್ರು ನನ್ನ ಮುಟ್ಲೇ ಇಲ್ಲ. ನಾನು ಹಿಂದೆ ನೋಡದೆ ಕಾರಿನ ಬಾಗಿಲು ತೆಗ್ದೆ. ಸೈಕಲ್ ಬಂದು ಬಡೀತು. ಸತ್ತೇ ಹೋಗ್ತಿದ್ರು ಇವ್ರು. ನನ್ನ ತಪ್ಪು ಮುಚ್ಚೂಕೆ ನಾ ಕೂಗ್ದೆ... ಜನ ಬೇರೆ ತಿಳ್ಕೊಂಡ್ರು... ನಾ ಸುಮ್ನೆ ನಿಂತೆ."

ಜಯಂತಿ ತಂಗಿಯನ್ನು ದಿಟ್ಟಿಸಿ ನೋಡಿದಳು. ಹೊಡೆದಿದ್ದರೆ ವಾಸಿಯಿತ್ತು. ಅವಳು ಹೊಡೆಯಲಿಲ್ಲ.

"ಮೊನ್ನೆ ಅಂಗಳದಲ್ಲಿ ನಾ ಅಷ್ಟೆಲ್ಲ ಹೇಳ್ದೆ. ಆಗೂ ಸುಮ್ನಿದ್ಯಲ್ಲೇ ರೂಪಾ... ನೀ ಆಗ್ಲೇ ಹೇಳಿದ್ರೆ, ಇವತ್ತು ನನ್ನ ಮಗಳ ಮುಂದೆ ಇವ್ರು ಇರ್ತಿದ್ರು."

ಆ ವಾರವೇ ಹೆಡ್ ಮಾಸ್ತರ್ ಶಾಂತಾರಾಮರು ಪಾಲಕರ ಸಭೆ ಕರೆದರು. ರೂಪಾಲಿ ಫೋನಿನಲ್ಲಿ ಎಲ್ಲವನ್ನೂ ಹೇಳಿದಾಗ ನಿತೇಶ ಕೂಗಾಡಿದ್ದ. "ನನ್ನ ಮರ್ಯಾದೆ ತೆಗೀಬೇಕು ಅಂತಿದ್ಯಾ? ಎಲ್ರ ಮುಂದೆ ಹೇಳ್ಬೇಡ!"

"ಅವ್ರದ್ದು ತೆಗೆದದ್ದು ಎಲ್ರ ಮುಂದೇ ಅಲ್ವಾ ದಾದಾ?"

ಶಾಲೆಯ ದೊಡ್ಡ ಕೋಣೆಯಲ್ಲಿ ಊರಿನ ತಾಯಂದಿರು, ತಂದೆಯಂದಿರು. ರೂಪಾಲಿ ಎದ್ದು ನಿಂತು ಹೇಳಿದಳು. ಒಂದನ್ನೂ ಬಿಡಲಿಲ್ಲ. ಮುಖ ಬೆಂಕಿ ಬಿದ್ದಂತೆ ಸುಡುತ್ತಿತ್ತು. ಯಾರೋ ಹೆಂಗಸು "ಥೂ!" ಎಂದಳು. "ಓದಿದ ಹುಡ್ಗೀರಿಗೆ ನಾಲ್ಗೆ ಇಲ್ವಾ?" ಎಂದು ಇನ್ನೊಬ್ಬಳು. ರೂಪಾಲಿ ತಲೆ ತಗ್ಗಿಸಲಿಲ್ಲ. ತಗ್ಗಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ!

ಕೊನೆಗೆ ಹೆಡ್ ಮಾಸ್ತರರು ಕೇಳಿದರು, "ತುಳಸಿದಾಸ ಸರ್, ನಾಳೆಯಿಂದ ಮಕ್ಕಳನ್ನ ಕರ್ಕೊಂಡು ಬರ್ತೀರಾ?"

"ಬರ್ತೆ. ಆದ್ರೆ ಮುಂದೆ ನಾನಿದ್ರೆ ಸಾಲದು. ಹಿಂದಿನ ಸೈಕಲ್ಲಿಗೂ ದೊಡ್ಡವರು ಒಬ್ರು ಬೇಕು. ಹೆಂಗಸರಾದ್ರೆ ಒಳ್ಳೇದು."

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಬೆಳಗಿನ ಹೊತ್ತು ಯಾರಿಗೆ ಪುರುಸೊತ್ತು?

"ನಾ ಬರ್ತೆ." ರೂಪಾಲಿ ಎಂದಳು. "ನಾಗೂ ಕೈ ಸಮ ಆಗೂವರೆಗೆ ನಾ ಅಕ್ಕನ ಮನೇಲಿರ್ತೆ. ಅವಳ ಸೈಕಲ್ಲೇ ತುಳೀತೆ. ಕೆಲಸಕ್ಕೆ ಮಧ್ಯಾಹ್ನ ಹೋಗ್ತೆ."

ಹೊರಗೆ ಬರುವಾಗ ತುಳಸಿದಾಸ ಪಕ್ಕದಲ್ಲಿ ನಡೆಯುತ್ತಾ, ಅವಳತ್ತ ನೋಡದೆ ಹೇಳಿದ. "ನೀವು ಹೇಳಿದ್ದು ಒಳ್ಳೇದಾಯ್ತು. ಆದ್ರೆ ನನ್ನ ಸಿಟ್ಟು ಹೋಗ್ಲಿಲ್ಲ."

"ಹೋಗೂದು ಬೇಡ ಸರ್," ಎಂದಳು ಅವಳು.

*

ಸೈಕಲ್ ಹತ್ತಿದ ಮೇಲೆಯೇ ರೂಪಾಲಿಗೆ ರಸ್ತೆ ಎಂದರೇನು ಎಂದು ತಿಳಿದದ್ದು.

ಕಾರಿನ ಕಿಟಕಿಯಿಂದ ಅದು ಅಗಲವಾಗಿ ಕಾಣುತ್ತಿತ್ತು. ಸೈಕಲ್ಲಿನಿಂದ ಅದು ಡಾಂಬರಿನ ಅಂಚಿನ ಒಂದು ಗೆರೆ, ಅಷ್ಟೇ. ಲಾರಿ ದಾಟುವಾಗ ಗಾಳಿಯೇ ಒಳಗೆ ಎಳೆದುಕೊಳ್ಳುತ್ತಿತ್ತು. ಕ್ಲೀನರುಗಳು ಸಿಳ್ಳೆ ಹಾಕುತ್ತಿದ್ದರು. ಕಾರಿನವರು ಗಾಜು ಇಳಿಸಿ "ಮನೇಲಿ ಬಿದ್ಕೊಳ್ಳೂಕೆ ಆಗುದಿಲ್ವಾ?" ಎಂದು ಬೈದು ಹೋಗುತ್ತಿದ್ದರು. ಹೊಂಡದ ನೀರು ಮಕ್ಕಳ ಸಮವಸ್ತ್ರದ ಮೇಲೆ ಎರಚಿದರೆ ಅವರಿಗೆ ನಗು.

ನಾನೂ ಹೀಗೇ ಇದ್ದೆನಲ್ಲ... ಕಾರಿನ ಒಳಗೆ ಕೂತವಳಿಗೆ ಹೊರಗೆ ಯಾರೂ ಇಲ್ಲ ಅನಿಸಿತ್ತಲ್ಲ...

ಒಂದು ದಿನ ಒಂದು ಖಾಸಗಿ ಬಸ್ಸು ಇಡೀ ಸಾಲನ್ನೇ ಮಣ್ಣಿಗೆ ಇಳಿಸಿತು. ಒಬ್ಬಳು ಹುಡುಗಿ ಬಿದ್ದು ಮಂಡಿ ತರಚಿಕೊಂಡಳು. ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಂತದ್ದೇ ರೂಪಾಲಿ ತುಳಿದುಕೊಂಡು ಹೋಗಿ, ಅದರ ಮುಂದೆ ಸೈಕಲ್ ಅಡ್ಡ ನಿಲ್ಲಿಸಿದಳು.

"ಇಳೀರಿ ಕೆಳಗೆ! ಬಂದು ಆ ಮಗೀನ ಕಾಲು ನೋಡಿ!"

"ಹೋಗೇ ಬಾಯಿ, ಟೈಮ್ ಆಯ್ತು!" ಡ್ರೈವರ್ ಗದರಿದ.

"ನೀವು ಇಳಿಯೂವರೆಗೆ ಈ ಸೈಕಲ್ ಇಲ್ಲಿಂದ ಅಲ್ಲಾಡುದಿಲ್ಲ!"

ಬಸ್ಸಿನೊಳಗಿನ ಜನ ಗೊಣಗಿದರು. ಅವಳು ಅಲ್ಲಾಡಲಿಲ್ಲ. ಕಡೆಗೆ ಡ್ರೈವರ್ ಇಳಿದುಬಂದು, ಹುಡುಗಿಯ ಮಂಡಿ ನೋಡಿ, "ತಪ್ಪಾಯ್ತು ತಂಗಿ" ಎಂದು ಹೋದ. ಸಾಲಿನ ಮುಂದೆ ನಿಂತ ತುಳಸಿದಾಸ ಎಲ್ಲವನ್ನೂ ನೋಡಿದ. ಮರುದಿನ ಅವಳ ಸೈಕಲ್ಲಿನ ಸಡಿಲ ಬ್ರೇಕು ಬಿಗಿಯಾಗಿತ್ತು. ಯಾರು ಬಿಗಿ ಮಾಡಿದ್ದು ಎಂದು ಅವಳು ಕೇಳಲಿಲ್ಲ. ಎದೆಯೊಳಗೆ ಏನೋ ಮೆಲ್ಲಗೆ ಅರಳಿತು... ಮರುಕ್ಷಣವೇ ನಾಚಿಕೆಯಿಂದ ಮುದುಡಿತು. ಯಾವ ಹಕ್ಕಿದೆ ನನಗೆ?

ಒಂದು ರವಿವಾರ ಅವಳು ಬೈತಖೋಲಕ್ಕೆ ಹೋದಳು. ಬಂದರಿನ ಮೀನಿನ ಹರಾಜು ಮುಗಿದಿತ್ತು. ತುಳಸಿದಾಸನ ತಾಯಿ ಗಂಗೂ ಬುಟ್ಟಿ ತೊಳೆಯುತ್ತಿದ್ದಳು. ರೂಪಾಲಿ ತಾನು ಯಾರೆಂದು ಹೇಳಿದಳು. ಗಂಗೂ ಬಹಳ ಹೊತ್ತು ಬುಟ್ಟಿಯನ್ನೇ ತಿಕ್ಕಿದಳು.

"ಆ ವಾರ ನಾ ಪೇಟೆಗೆ ಮೀನು ತಕೊಂಡು ಹೋಗ್ಲೇ ಇಲ್ಲ ಬಾಯಿ. ಆಮೇಲೆ ಹೋದ್ರೆ 'ನಿನ್ನ ಮಗ ಎಂತ ಮಾಡ್ದ' ಅಂತ ಗಿರಾಕಿಗಳೇ ಕೇಳ್ತಿದ್ರು. ಬೊಮ್ಮು ಅಂತ ಒಬ್ಳು, ನನ್ನ ಬಗಲಿಗೇ ಕೂತು ಮಾರೂಳು, ಅವ್ಳು ಬುಟ್ಟಿ ಎತ್ತಿ ದೂರ ಹೋಗಿ ಕೂತ್ಲು."

ರೂಪಾಲಿ ಅವಳ ಕಾಲು ಮುಟ್ಟಲು ಬಗ್ಗಿದಳು. ಗಂಗೂ ಹಿಂದೆ ಸರಿದಳು.

"ಕಾಲು ಬೇಡ. ಪೇಟೆಗೆ ಬಾ. ನನ್ನ ಬಗಲಿಗೆ ಕೂತು ಬೊಮ್ಮುಗೆ ಹೇಳು."

ರೂಪಾಲಿ ಹೋದಳು. ಮೀನು ಪೇಟೆಯ ಕಟ್ಟೆಯ ಮೇಲೆ ಗಂಗೂವಿನ ಪಕ್ಕ ಕೂತು, ಬೊಮ್ಮುವಿಗೆ, ಕೇಳಿದ ಪ್ರತಿ ಗಿರಾಕಿಗೆ ಹೇಳಿದಳು. ಪ್ರತಿ ಸಲವೂ ಬಟ್ಟೆ ಕಳಚಿದಂತೆ ಆಗುತ್ತಿತ್ತು. ಅವಳು ಎದ್ದು ಹೊರಡುವಾಗ ಗಂಗೂ ಬಂಗಡೆ ಮೀನಿನ ಒಂದು ಕಟ್ಟು ಅವಳ ಕೈಗಿಟ್ಟಳು. "ಊಟ ಮಾಡು. ಸೊರಗಿದ್ದೀ," ಎಂದಳು, ಅಷ್ಟೇ.

ಆ ಸುದ್ದಿ ಹಬ್ಬುವಾಡಕ್ಕೂ ಮುಟ್ಟಿತು. ಮರುದಿನ ಸಂಜೆ ನಿತೇಶ ಶಾಲೆಯ ಗೇಟಿಗೆ ಬಂದ. ತುಳಸಿದಾಸನ ಎದುರು ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ, "ನಂದು ತಪ್ಪಾಯ್ತು ಮಾಸ್ತರೇ" ಎಂದ. ತುಳಸಿದಾಸ ಚಹಾಕ್ಕೆ ಕರೆದರೂ ನಿಲ್ಲದೆ ಹೊರಟುಹೋದ.

*

ನಾಗಶ್ರೀಯ ಪ್ಲಾಸ್ಟರ್ ಬಿಚ್ಚಿದರು. ಕೈಗೆ ಬಲ ಬಂತು. ರೂಪಾಲಿ ಸಾಲಿನ ಕೊನೆಯಲ್ಲಿ ಬರುವ ದಿನಗಳು ಮುಗಿದವು.

ಕೊನೆಯ ದಿನ ಮಕ್ಕಳೆಲ್ಲ ಶಾಲೆಯೊಳಗೆ ಹೋದ ಮೇಲೆ ಅವರಿಬ್ಬರೇ ಗೇಟಿನ ಹೊರಗೆ ಉಳಿದರು. ಹೆದ್ದಾರಿಯ ಮೇಲೆ ಬಂದರಿಗೆ ಹೋಗುವ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

"ನಾಳೆಯಿಂದ ಹಿಂದಿನ ಸೈಕಲ್ಲಿಗೆ ಯಾರು?" ತುಳಸಿದಾಸ ಕೇಳಿದ.

"ಶಾಲೆಗೆ ಪಾಠ ಹೇಳೂಕೆ ಹೊಸ ಅಕ್ಕೋರು ಬಂದಿದ್ದಾರಲ್ಲ ಸರ್, ಅವ್ರು ಬರ್ತಾರಂತೆ. ನಾ ಇನ್ನು ಹಬ್ಬುವಾಡಕ್ಕೆ..." ಅವಳು ಸೈಕಲ್ ತಿರುಗಿಸಿದಳು. "ನಿಮ್ಮ ಕಣ್ಣ ಮುಂದಿನಿಂದ ದೂರ ಹೋಗ್ತೆ."

"ದೂರ ಹೋಗಿ ಅಂತ ನಾ ಹೇಳಿದ್ನಾ?"

"ನಿಮ್ಮೆದುರು ನಿಂತಾಗೆಲ್ಲ ನಂಗೆ ನಾಚ್ಕೆ ಆಗ್ತದೆ ಸರ್. ಹುಡ್ಗೀರ ನಾಚ್ಕೆ ಅಲ್ಲ, ತಪ್ಪು ಮಾಡಿದವರ ನಾಚ್ಕೆ. ಎಷ್ಟು ಜನರ ಹತ್ರ ಹೇಳ್ಕೊಂಡ್ರೂ ಅದು ಹೋಗುದಿಲ್ಲ. ಅದಕ್ಕೇ... ನಿಮ್ಮನ್ನ ಪ್ರೀತಿಸ್ತೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಹೇಳಿಬಿಟ್ಟಿದ್ದಳು! ಅವಳು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಈಗ ಉಳಿದದ್ದು ಸೈಕಲ್ ಹತ್ತಿ ಓಡಿಹೋಗುವುದೊಂದೇ. ಆದರೆ ಅವಳ ಸೈಕಲ್ಲಿನ ಹ್ಯಾಂಡಲ್ಲನ್ನು ಅವನು ಹಿಡಿದಿದ್ದ.

"ನನ್ನ ಸಿಟ್ಟು ಹೋಗಿ ಬಹಳ ದಿವ್ಸ ಆಯ್ತು."

ಅವಳು ತಲೆಯೆತ್ತಿದಳು.

"ಬಸ್ಸಿಗೆ ಸೈಕಲ್ ಅಡ್ಡ ಹಾಕಿದ್ರಲ್ಲ, ಆ ದಿವಸವೇ ಹೋಯ್ತು. ಹೇಳ್ಲಿಲ್ಲ. ಹೇಳಿದ್ರೆ, ಲೆಕ್ಕ ತೀರ್ತು ಅಂತ ನೀವು ಹೊರಟುಬಿಡ್ತೀರಿ ಅಂತ... ಹೆದ್ರಿದ್ದೆ."

"ಸರ್..."

"ಆ ತಪ್ಪಿನ ನಾಚ್ಕೆ ಇನ್ನು ಸಾಕು ರೂಪಾಲಿ." ಅವನ ದನಿ ಮೆತ್ತಗಾಯಿತು. "ಹುಡ್ಗೀರ ನಾಚ್ಕೆ ಅಂದ್ರಲ್ಲ... ಅದು ಬೇಕಾದ್ರೆ ಸ್ವಲ್ಪ ಇರ್ಲಿ."

ರೂಪಾಲಿ ಅಳುತ್ತಲೇ ನಕ್ಕಳು. ಮುಖಕ್ಕೇರಿದ ರಂಗನ್ನು ಸೆರಗಿನಿಂದ ಮರೆಮಾಡಲು ಹೋದರೆ ಅದಿರಿನ ಧೂಳು ಕೆನ್ನೆಗೆಲ್ಲ ಮೆತ್ತಿಕೊಂಡಿತು. ಅವನು ಕರ್ಚೀಫು ತೆಗೆದು ಚಾಚಿದ. ಈ ಸಲ ಚಾಚಿದ ಕೈ ಹಿಂದೆ ಹೋಗಲಿಲ್ಲ.

"ರವಿವಾರ ಇಲ್ಲಿಂದಲೇ ಬೈತಖೋಲಕ್ಕೆ ಬರ್ತೀರಾ? ಆಯಿ ಕೇಳ್ತಿದ್ಲು."

"ಬರ್ತೆ. ಬಸ್ಸಿಗೆ ಬರ್ಲಾ?"

"ಸೈಕಲ್ಲಿಗೇ ಹೋಗುವಾ. ಇಬ್ರೂ."

"ಅಯ್ಯೋ, ಬಿಣಗಾ ಘಾಟಿ ಹತ್ತೂಕೆ ನಂಗಾಗುದಿಲ್ಲ!"

ತುಳಸಿದಾಸ ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಆಗದಿದ್ರೆ ಇಳಿದು ನೂಕುವಾ. ನಾನೂ ಇಳೀತೆ."